ರೀಲು ಹಿಂದಕ್ಕೆ ಸುತ್ತುವ ಕೆಲಸ

ನಮ್ಮ ಮನೆಯವರ ಕಣ್ಣು ಹೋದದ್ದು ಅಂಗೈಯಗಲದ ಒಂದು ಕರಿಗಾಜು ಒಡೆದದ್ದರಿಂದ. ಬೇರೆ ಯಾವ ಕಾರಣವೂ ಇಲ್ಲ. ಗಾಜು ಒಡೆಯಿತು. ಅವರು ಟಾಕೀಸಿನ ಮಾಲಕರಿಗೆ ಒಂದು ಸಲ ಹೇಳಿದರು. ಮಾಲಕರು ಹೈದರಾಬಾದಿನಿಂದ ತರಿಸೋಣ ಎಂದರು, ತರಿಸಲಿಲ್ಲ. ಇವರು ಎರಡನೆಯ ಸಲ ಕೇಳಲಿಲ್ಲ. ನನಗಂತೂ ಒಂದು ಸಲವೂ ಹೇಳಲಿಲ್ಲ. ಇಷ್ಟೇ ನಡೆದದ್ದು.

ಇಷ್ಟೇ ಎಂದರೆ ನಮ್ಮ ಜನಕ್ಕೆ ಸಮಾಧಾನವಾಗುವುದಿಲ್ಲ. ದೊಡ್ಡ ದುಃಖಕ್ಕೆ ದೊಡ್ಡ ಕಾರಣವೇ ಬೇಕು. ಇವರ ಅಣ್ಣ, ಅಂದರೆ ನನ್ನ ಭಾವ, ಬಾಗಿಲಲ್ಲಿ ನಿಂತೇ ಫೈಸಲಾ ಹೇಳಿದರು: "ಸಿನಿಮಾದ ತಸ್ಬೀರ್ ನೋಡೋದು ಗುನ್ಹಾ ಅದ ಅಂತ ಹೇಳಿದ್ನಿಲ್ಲೊ? ದಿನಾ ಕುಣಿಯಾವ್ರನ್ನ ನೋಡಿದ್ರ ಕಣ್ಣ ಉಳಿತಾವೇನು?" ನಾನು ಕೇಳಿದೆ, "ಹಂಗಿದ್ರ ಮುಂದಿನ ಬಾಕಿನ ಮ್ಯಾಗ ಕುಂತು ಅವರನ್ನೇ ನೋಡಿದ ನಿಮ್ಮ ಕಣ್ಣ ಇನ್ನಾ ಯಾಕ ನೆಟ್ಟಗ ಅವ, ಭಾವಾ?" ಭಾವ ಚಹಾ ಕುಡಿಯದೆ ಹೋದರು. ಓಣಿಯ ಮುದುಕಿಯೊಬ್ಬಳು ಇದು ಕೆಟ್ಟ ದೃಷ್ಟಿಯೇ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಯಲ್ಲಿ ಚೆನ್ನಾಗಿದ್ದ ಕಣ್ಣುಗಳೂ ಉರಿದವು.

ಕಥೆಯನ್ನು ಬಾಲದಿಂದ ಶುರು ಮಾಡಿದೆನೆಂದು ಬೇಸರ ಮಾಡಿಕೊಳ್ಳಬೇಡಿ. ಅದು ನನ್ನ ಕೆಲಸದಿಂದ ಬಂದ ಚಟ. ಮಕ್ಕಳು ಸಣ್ಣವರಿದ್ದಾಗ ಕಥೆ ಹೇಳು ಎಂದರೆ ನಾನು "ರಾಜ ಸತ್ತ" ಎಂದು ಶುರು ಮಾಡುತ್ತಿದ್ದೆ. ಮಕ್ಕಳು ಮುಂದೇನು ಎಂದು ಕೇಳುತ್ತಿರಲಿಲ್ಲ, ಅಳುತ್ತಿದ್ದವು. ನಾನು ಸಿನಿಮಾಗಳನ್ನೆಲ್ಲ ನೋಡಿದ್ದು ಹೀಗೆಯೇ. ಶಹಾಬಾದಿನ ಒಂದು ತಗಡಿನ ಟಾಕೀಸಿನಲ್ಲಿ ನಮ್ಮ ಮನೆಯವರು ಆಪರೇಟರು. ಅವರು ತೋರಿಸಿದ್ದನ್ನು ಹಿಂದಕ್ಕೆ ಸುತ್ತಿ ಇಡುವವಳು ನಾನು.

ಈಗ ಈ ಮಾತು ಎತ್ತಲು ಕಾರಣ ಎದುರು ಮನೆಯ ಟೀಚರಮ್ಮ. ಅವರ ಮನೆಗೆ ಆಗಾಗ ವಿಡಿಯೋ ಬಾಡಿಗೆಗೆ ಬರುತ್ತದೆ. ಟೀವಿಯ ಕೆಳಗಿಡುವ ಪೆಟ್ಟಿಗೆ. ಇಟ್ಟಿಗೆಯಂಥ ಕ್ಯಾಸೆಟ್ಟನ್ನು ಅದರ ಬಾಯಿಗೆ ಇಟ್ಟರೆ ನುಂಗುತ್ತದೆ. ನನ್ನನ್ನೂ ಕರೆಯುತ್ತಾರೆ. ಮೊನ್ನೆ ಮಕ್ಕಳು ಒಂದು ಗುಂಡಿ ಒತ್ತಿ ಚಿತ್ರವನ್ನು ಹಿಂದಕ್ಕೆ ಓಡಿಸಿದವು. ಅತ್ತವಳ ಕಣ್ಣೀರು ಕೆನ್ನೆಯಿಂದ ಏರಿ ಕಣ್ಣಿಗೆ ಹೋಯಿತು. ಮದುಮಗ ಹಿಂದು ಹಿಂದಕ್ಕೆ ನಡೆದು ಕುದುರೆ ಹತ್ತಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಟೀಚರಮ್ಮ ಮಾತ್ರ ಉಸಿರು ಬಿಟ್ಟು ಅಂದರು, "ಆಯಿ, ನಮ್ಮ ಜೀವನಕ್ಕೂ ಇಂಥಾದೊಂದು ರಿವೈಂಡ್ ಗುಂಡಿ ಇದ್ದಿದ್ರ ಎಷ್ಟ ಚೊಲೋ ಇರ್ತಿತ್ತಲ್ರೀ!"

"ಇದ್ದಿದ್ರ ಏನ್ ಮಾಡ್ತಿದ್ರಿ?"

"ಹಿಂದಕ ಹೋಗಿ ಎಲ್ಲಾ ಸರಿ ಮಾಡ್ಕೋತಿದ್ದೆ."

"ಹಿಂದಕ ಹೋದ್ರ ಹಿಂದಿನದೇ ಕಾಣ್ತದ ಟೀಚರಮ್ಮ. ಎಷ್ಟ ಸಲ ಸುತ್ತಿ ಬಿಟ್ರೂ ಸಾಯಾವ ಅಲ್ಲೇ ಸಾಯ್ತಾನ."

"ಆಯಿ, ನಿಮ್ಮ ಮಾತು ಭಾಳ ಖಾರ," ಎಂದು ಅವರು ನಕ್ಕರು. ಖಾರವೇನಲ್ಲ. ಗುಂಡಿ ಒತ್ತಿ ಹಿಂದಕ್ಕೆ ಹೋದವರು ಅವರು. ನಾನು ಕೈಯಿಂದ ತಿರುವಿ ಹೋದವಳು. ತೋಳು ನೋಯದೆ ಹಿಂದಕ್ಕೆ ಹೋಗುವವರಿಗೆ ಹಿಂದಕ್ಕೆ ಹೋಗುವುದು ಎಂದರೆ ಏನೆಂದು ತಿಳಿಯುವುದಿಲ್ಲ.

ಸಿನಿಮಾ ರೀಲಿನ ಸ್ವಭಾವ ಹೀಗೆ. ಮೆಷೀನಿನ ಮೇಲಿನ ಚಕ್ರದಿಂದ ಬಿಚ್ಚಿಕೊಂಡು ಇಳಿದು, ಬೆಳಕಿನ ಮುಂದೆ ಹಾದು, ಕೆಳಗಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಆಟ ಮುಗಿದಾಗ ಕಥೆಯ ಕೊನೆ ಹೊರಗಿರುತ್ತದೆ, ಮೊದಲು ಒಳಗೆ ಸೇರಿಕೊಂಡಿರುತ್ತದೆ. ಮುಂದಿನ ಆಟಕ್ಕೆ ಮೊದಲು ಅದನ್ನು ಮೇಜಿನ ಮೇಲೆ ಹಾಕಿ, ಹಿಡಿಕೆ ತಿರುವಿ, ಇನ್ನೊಂದು ಚಕ್ರಕ್ಕೆ ಸುತ್ತಬೇಕು. ಆಗ ಮೊದಲು ಮೇಲೆ ಬರುತ್ತದೆ. ಸಿನಿಮಾ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದವರಿಗೆ, ತಾವು ಅತ್ತದ್ದನ್ನೆಲ್ಲ ಒಬ್ಬರು ಕೂತು ವಾಪಸ್ಸು ಸುತ್ತುತ್ತಾರೆ ಎಂಬುದು ಗೊತ್ತೇ ಇರುವುದಿಲ್ಲ. ಉಂಡು ಎದ್ದವರಿಗೆ ಮುಸುರೆಯ ಚಿಂತೆ ಇರುತ್ತದೆಯೇ?

ನಮ್ಮದು ಪಿಂಜಾರರ ಮನೆತನ. ಮಾವನವರು ಹತ್ತಿ ಹಿಂಜುವ ಬಿಲ್ಲು ಹೊತ್ತು ಸೇಡಂ, ಚಿತ್ತಾಪುರ, ಗುಂಡಗುರ್ತಿ ಎಂದು ಓಣಿ ಓಣಿ ತಿರುಗಿ ಗಾದಿ ತುಂಬುತ್ತಿದ್ದರು. ಇವರಿಗೆ ಬಿಲ್ಲು ಒಗ್ಗಲಿಲ್ಲ. ಟಾಕೀಸಿನ ಕ್ಯಾಬಿನ್ ಹತ್ತಿದವರು ಇಳಿಯಲೇ ಇಲ್ಲ. ಹಿಂದಿನ ಕಬ್ಬಿಣದ ಏಣಿ ಹತ್ತಿ ನಾನು ರೊಟ್ಟಿ ಕೊಡಲು ಹೋಗುತ್ತಿದ್ದೆ. ಇವರ ಕೈಕೆಳಗಿದ್ದವನು ಖಣಿಯ ಕೆಲಸಕ್ಕೆ ಹೋದ ಮೇಲೆ, ಅವರು ರೊಟ್ಟಿ ತಿನ್ನುವಾಗ ನಾನು ಸುಮ್ಮನೆ ಕೂರುವುದೇಕೆ ಎಂದು ಹಿಡಿಕೆ ಹಿಡಿದೆ. ಆಮೇಲೆ ರೊಟ್ಟಿ ನೆಪವಾಯಿತು.

ಸುತ್ತುವುದರಲ್ಲಿ ಒಂದು ಹದವಿದೆ. ಬಲಗೈ ಹಿಡಿಕೆ ತಿರುವುತ್ತದೆ, ಎಡಗೈಯ ಎರಡು ಬೆರಳು ಫಿಲ್ಮಿನ ಅಂಚು ಹಿಡಿದಿರುತ್ತವೆ. ಎಲ್ಲಿ ಹರಿದಿದೆಯೋ ಅಲ್ಲಿ ಬೆರಳಿಗೆ ಚುಚ್ಚುತ್ತದೆ. ನಿಲ್ಲಿಸಿ, ಕತ್ತರಿಸಿ, ಅಂಟು ಹಚ್ಚಿ ಕೂಡಿಸಬೇಕು. ಅವಸರ ಮಾಡಿ ಜೋರಾಗಿ ಸುತ್ತಿದರೆ ಸುತ್ತು ಸುತ್ತಿಗೆ ಉಜ್ಜಿ ಗೆರೆ ಬೀಳುತ್ತವೆ. ಪರದೆಯ ಮೇಲೆ ಆ ಗೆರೆಗಳು ಮಳೆಯ ಹಾಗೆ ಸುರಿಯುತ್ತವೆ. ಹೈದರಾಬಾದಿನಲ್ಲಿ ಹೊಸದಾಗಿದ್ದ ಚಿತ್ರ ತಾಂಡೂರು, ಸೇಡಂ, ಚಿತ್ತಾಪುರ, ವಾಡಿ ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಎಲ್ಲ ಋತುವಿನಲ್ಲೂ ಶ್ರಾವಣದ ಮಳೆ. ನಾಯಕಿ ಬಿಸಿಲಲ್ಲಿ ಬೆವರುತ್ತಿದ್ದರೂ ಮಳೆ.

ಹಿಂದಕ್ಕೆ ಸುತ್ತುವುದರಿಂದ ರೀಲು ಹೊಸದಾಗುವುದಿಲ್ಲ, ಸವೆಯುತ್ತದೆ ಎಂದು ಹೇಳಲು ಇಷ್ಟು ಬರೆದೆ. ನೆನಪಿಗೂ ಇದೇ ಕಾಯಿದೆ. ನಾನು ಆ ಒಂದು ಸಂಜೆಯನ್ನು ಎಷ್ಟು ಸಲ ಹಿಂದಕ್ಕೆ ಸುತ್ತಿದ್ದೇನೆಂದರೆ ಈಗ ಅದರ ಮೇಲೆ ಬರೀ ಮಳೆ. ನಡುನಡುವೆ ಎಲ್ಲಿ ಕತ್ತರಿಸಿ ಅಂಟಿಸಿದ್ದೇನೆಂದು ನನಗೇ ಗೊತ್ತಿಲ್ಲ.

ಲೋಕದಲ್ಲಿ ತಿರುಗುವ ವಸ್ತುಗಳು ಬಹಳ. ಆದರೆ ಉಲ್ಟಾ ತಿರುಗಿಸಿದರೆ ಬಳಕೆಗೆ ಬರುವವು ಕಡಿಮೆ. "ಬೀಸೋ ಕಲ್ಲ ಉಲ್ಟಾ ತಿರುವಿದ್ರ ಹಿಟ್ಟು ಜೋಳ ಆಗಂಗಿಲ್ಲ" ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಅದನ್ನು ನನಗೆ ಹೇಳಿದ್ದು, ನಾನು ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದಾಗ. ವಾಡಿ ಜಂಕ್ಷನ್ನಿನಲ್ಲಿ ನೋಡಿ. ರಾಯಚೂರು ಕಡೆಯಿಂದ ಬಂದ ಗಾಡಿ ಹೈದರಾಬಾದಿಗೆ ಹೋಗಬೇಕಾದರೆ ಇಂಜಿನ್ನನ್ನು ಬಿಚ್ಚಿ ಬಾಲಕ್ಕೆ ಕಟ್ಟುತ್ತಾರೆ. ಮುಂದೆ ನೋಡುತ್ತ ಕೂತವರು ಹಿಂದು ಹಿಂದಕ್ಕೆ ಹೋಗತೊಡಗುತ್ತಾರೆ. ಮೊದಲ ಸಲ ಬಂದವರು ಗಾಬರಿಯಾಗಿ, "ಗಾಡಿ ವಾಪಸ್ ಹೊಂಟದಲ್ರೀ!" ಎಂದು ಏಳುತ್ತಾರೆ. ವಾಪಸ್ಸು ಹೋದರೂ ರಾಯಚೂರು ಬರುವುದಿಲ್ಲ. ಚಿತ್ತಾಪುರವೇ ಬರುತ್ತದೆ. ಸನ್ನತಿಯಲ್ಲಿ ಭೀಮಾ ದಂಡೆಯ ನೆಲ ಅಗೆದು ಹಳೆಯ ಕಾಲದ ಕಲ್ಲುಗಳನ್ನು ಎತ್ತುತ್ತಾರಂತೆ. ನಾನೂ ಒಮ್ಮೆ ನೋಡಿ ಬಂದೆ. ಮೂಗಿಲ್ಲದ ಮುಖ, ಕೈಯಿಲ್ಲದ ಮೈ. ಕಾಲವನ್ನು ಅಷ್ಟು ಆಳಕ್ಕೆ ಅಗೆದು ಹಿಂದಕ್ಕೆ ಹೋದವರಿಗೂ ಮೂಗು ಸಿಗಲಿಲ್ಲ. ಇನ್ನು ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಗಾದೆ ಮಾಡಿಟ್ಟವರೂ ನಮ್ಮ ಹಾಗೆ ಹಿಡಿಕೆ ತಿರುವಿ ತೋಳು ನೋಯಿಸಿಕೊಂಡವರೇ ಇರಬೇಕು.

ಕಣ್ಣಿನ ವಿಷಯಕ್ಕೆ ಬರುತ್ತೇನೆ.

ಆಗಿನ ಮೆಷೀನಿಗೆ ಬಲ್ಬಿನ ಬೆಳಕಲ್ಲ, ಕಾರ್ಬನ್ ಕಡ್ಡಿಗಳ ಬೆಳಕು. ಎರಡು ಕಡ್ಡಿಗಳ ತುದಿ ತಾಗಿಸಿ ತುಸು ದೂರ ಸರಿಸಿದರೆ ನಡುವೆ ಸೂರ್ಯನ ತುಣುಕೊಂದು ಹುಟ್ಟುತ್ತದೆ. ಕಡ್ಡಿ ಉರಿದು ಸಣ್ಣದಾದ ಹಾಗೆ ಅಂತರ ಹೆಚ್ಚಿ ಬೆಳಕು ಸಾಯುತ್ತದೆ. ಅದಕ್ಕೆ ಆಪರೇಟರು ದೀಪದ ಡಬ್ಬಿಯ ಪಕ್ಕದ ಕಿಂಡಿಯಲ್ಲಿ ಮತ್ತೆ ಮತ್ತೆ ಬಗ್ಗಿ ನೋಡಿ ಕಡ್ಡಿಗಳನ್ನು ಹತ್ತಿರ ಮಾಡುತ್ತಿರಬೇಕು. ಆ ಕಿಂಡಿಗೆ ಕರಿಗಾಜು ಇರಬೇಕು. ನಾನು ಏಣಿ ಹತ್ತುವ ಕಾಲಕ್ಕೆ ಅಲ್ಲಿ ಗಾಜು ಇರಲಿಲ್ಲ. ಮೆಷೀನು ಇರುವುದೇ ಹೀಗೆ ಎಂದು ನಾನು ತಿಳಿದೆ. ರೊಟ್ಟಿಗೆ ಹಂಚು ಇದ್ದ ಹಾಗೆ ಬೆಂಕಿಗೆ ಕಿಂಡಿ.

ಒಂದು ಮಾತ್ರ ನೆನಪಿದೆ. ಕಡ್ಡಿಯ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ. "ಮಾರಿ ಆ ಕಡೆ ಮಾಡು. ಇದು ನನ್ನ ಕೆಲಸ," ಎನ್ನುತ್ತಿದ್ದರು. ಗಂಡಸಿನ ಜಂಬ ಎಂದು ಮುಖ ತಿರುವಿ ಹಿಡಿಕೆ ತಿರುವಿದೆ.

ಮೊದಮೊದಲು ರಾತ್ರಿ ಮನೆಗೆ ಬಂದವರು ಕಣ್ಣಲ್ಲಿ ಮರಳು ಹಾಕಿದ ಹಾಗಿದೆ ಎನ್ನುತ್ತಿದ್ದರು. ಬಾಣಂತಿಯರ ಮನೆ ಹುಡುಕಿ ಎದೆಹಾಲು ಬೇಡಿ ತಂದು ಹನಿ ಹಾಕಿದೆ. ಒಬ್ಬ ಬಾಣಂತಿ, "ನಿಮ್ಮವರು ಯಾವಾಗ ದೊಡ್ಡವರಾಗ್ತಾರ ಅಕ್ಕಾ?" ಎಂದು ಚೇಷ್ಟೆ ಮಾಡಿದಳು. ಬೆಳಗಿನ ಹೊತ್ತಿಗೆ ಉರಿ ಇಳಿಯುತ್ತಿತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂತು. ಟಾಕೀಸಿನ ಹೊರಗಿನ ಬೋರ್ಡು ಹೊಸದಾಗಿ ಬರೆಸಿದರು. ರಾಜ್ಯದ ಹೆಸರು ಬದಲಾಯಿತು, ಗಾಜು ಬದಲಾಗಲಿಲ್ಲ.

ಆಮೇಲೆ ಉರಿ ನಿಂತು ಬೇರೊಂದು ಶುರುವಾಯಿತು. ನನ್ನ ಜೊತೆ ಮಾತಾಡುವಾಗ ನನ್ನ ಕಿವಿಯ ಕಡೆ ನೋಡತೊಡಗಿದರು. ತಟ್ಟೆಯಲ್ಲಿ ಸುತ್ತಲಿನ ಪಲ್ಯ ಮುಗಿಸಿ ನಡುವಿನ ರೊಟ್ಟಿ ಬಿಡುತ್ತಿದ್ದರು. ಜಗಳ ಮಾಡಿದೆ. ಆಗ ಹೇಳಿದರು, "ನೋಡಿದ್ದು ಕಾಣವಲ್ದು. ನೋಡಲಾರದ್ದು ಕಾಣ್ತದ. ನಿನ್ನ ಮಾರಿ ನೋಡಿದ್ರ ಮಾರಿ ಇರಲ್ಲ, ಎರಡು ಕಿವ್ಯಾಗಿನ ಬುಗುಡಿ ಅಷ್ಟ ಇರ್ತಾವ." ಡಾಕ್ಟರ ಹತ್ತಿರ ಹೋಗೋಣ ಎಂದರೆ ಬೇಡ. ಸುದ್ದಿ ಮಾಲಕರ ಕಿವಿಗೆ ಬಿದ್ದರೆ ಕ್ಯಾಬಿನ್ ಹೋಗುತ್ತದೆ. ಕ್ಯಾಬಿನ್ ಹೋದರೆ ಅವರೆಲ್ಲಿಗೆ ಹೋಗಬೇಕು? ಓಣಿಯಲ್ಲಿ ನಡೆಯುವಾಗ ತಲೆ ತಗ್ಗಿಸಿ ನಡೆಯುತ್ತಿದ್ದ ಮನುಷ್ಯ, ಆ ಏಣಿ ಹತ್ತಿದ ಕೂಡಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅದನ್ನು ನಾನು ಕಂಡಿದ್ದೆ. ಹಾಗಾಗಿ ಸುತ್ತುವುದರ ಜೊತೆಗೆ ಮೆಷೀನಿಗೆ ರೀಲು ಹಚ್ಚುವುದನ್ನೂ ಕಲಿತೆ. ಪರದೆ ನಾನು ನೋಡುತ್ತಿದ್ದೆ, ಕಡ್ಡಿ ಅವರು ನೋಡುತ್ತಿದ್ದರು. ಇಬ್ಬರು ಕೂಡಿ ಒಬ್ಬ ಆಪರೇಟರು ಆಗಿದ್ದೆವು. ಕೆಳಗೆ ಕೂತವರಿಗೆ ಅದು ಬೇಕಾಗಿರಲಿಲ್ಲ, ಗೊತ್ತಾಗಲೂ ಇಲ್ಲ.

ಮುಂದೆ ಎಲ್ಲ ಮುಗಿದ ಮೇಲೆ ಗುಲ್ಬರ್ಗದ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಒಳಗಿನ ಪರದೆಯ ನಟ್ಟನಡುವೆ ಸುಟ್ಟಿದೆ ಎಂದರು. "ಹಿಂದಕ್ಕ ಬರ್ತದೇನ್ರಿ?" ಎಂದು ಇವರು ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು. "ಬರಲ್ಲಂತ," ಎಂದು ನಾನೇ ಹೇಳಿದೆ. ಅಷ್ಟು ದೂರ ಹೋದದ್ದಕ್ಕೆ ಯಾರಾದರೂ ಒಬ್ಬರು ಹೇಳಬೇಕಿತ್ತು.

ಇನ್ನು ಆ ಸಂಜೆ. ಮಳೆಯ ನಡುವೆ ಕಂಡಷ್ಟನ್ನು ಹೇಳುತ್ತೇನೆ.

ಸೇಡಂ ಹತ್ತಿರದ ನನ್ನ ತವರೂರು ಆಡಕಿಯಲ್ಲಿ ತಾಯಿಗೆ ಜ್ವರ ಎಂದು ಸುದ್ದಿ ಬಂತು. ಹೋಗದೆ ನಡೆಯುವಂತಿರಲಿಲ್ಲ. ಭಾನುವಾರ ಬೆಳಗ್ಗೆ ರೀಲುಗಳನ್ನೆಲ್ಲ ಸುತ್ತಿ ಮೇಜಿನ ಎಡಕ್ಕೆ ಜೋಡಿಸಿದೆ. "ಆಟ ಆಗಿದ್ದು ಬಲಕ್ಕಿಡ್ರಿ. ಸುತ್ತಿದ್ದು ಎಡಕ್ಕ. ನಡುವ ಏನೂ ಇಡಬ್ಯಾಡ್ರಿ," ಎಂದೆ.

"ನನಗ ಹೇಳ್ತಿ? ನಿನಗ ಕಲಿಸಿದಾವ ನಾನು."

"ಕಲಿಸಿದಾಗ ಕಣ್ಣಿದ್ದವು."

ನಕ್ಕರು. ಆ ನಗೆಯನ್ನು ನಂಬಿ ಗಾಡಿ ಹತ್ತಿದೆ.

ತಾಯಿಗೆ 'ಗಂಜಿ ಕುಡಿ, ಸಾಯಬ್ಯಾಡ' ಎಂದು ಹೇಳಿ, ಸೇಡಂನಿಂದ ಸಂಜೆಯ ಪ್ಯಾಸೆಂಜರ್ ಹಿಡಿದು ವಾಪಸ್ಸು ಬಂದೆ. ಸ್ಟೇಷನ್ನಿನಿಂದ ನಡೆದು ಬರುವಾಗ ಟಾಕೀಸಿನ ತಗಡಿನಿಂದ ಬರುವ ಆವಾಜು ಕೇಳಿಸಿತು. ಆ ಚಿತ್ರದ ಮಾತೆಲ್ಲ ನನಗೆ ಬಾಯಿಪಾಠ. ಆದರೆ ಅದು ಮಾತಾಗಿರಲಿಲ್ಲ, ಎಮ್ಮೆಯ ಗಂಟಲಿಗೆ ಏನೋ ಸಿಕ್ಕಿದಂಥ ಗೊರಗೊರ ಸದ್ದು. ಅದರ ಮೇಲೆ ಸಿಳ್ಳೆ, ಬೈಗುಳ. ಗಂಟು ಕಂಕುಳಲ್ಲಿ ಒತ್ತಿಕೊಂಡು ಓಡಿ ಹೆಂಗಸರ ಬಾಗಿಲಿನಿಂದ ಒಳಗೆ ಹೊಕ್ಕೆ.

ಪರದೆಯ ಮೇಲೆ ಜನ ಬಾವಲಿಗಳ ಹಾಗೆ ತಲೆಕೆಳಗಾಗಿ ಜೋತು ಬಿದ್ದು ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಕೊನೆಯ ರೀಲು. ಅದರಲ್ಲಿ ನಾಯಕಿಯ ಅಣ್ಣ ಚೂರಿ ತಾಗಿ ಸಾಯುತ್ತಾನೆ. ಈಗ ಆ ಚೂರಿ ಅವನ ಎದೆಯಿಂದ ತಾನಾಗಿ ಹೊರಬಂತು. ರಕ್ತ ಅಂಗಿಯೊಳಗೆ ಹೋಯಿತು. ಬಿದ್ದವನು ಎದ್ದ. ಫರಸಿಕಲ್ಲಿನ ಖಣಿಯ ಗಂಡಸರು ಮೊದಲು ಬೈದರು, ಆಮೇಲೆ ನಗತೊಡಗಿದರು. ನೆಲದ ಮೇಲೆ ಕೂತ ಹೆಂಗಸರ ನಡುವೆ ಹಣಮವ್ವ ಇದ್ದಳು. ಖಣಿಯಲ್ಲಿ ಬಂಡೆ ಜಾರಿ ಅವಳ ಗಂಡ ಸತ್ತು ಇನ್ನೂ ವರ್ಷ ಕಳೆದಿರಲಿಲ್ಲ. ಅವಳು ಮೊಳಕಾಲ ಮೇಲೆ ಎದ್ದು ಕೈ ಚಾಚಿ, "ಯವ್ವಾ, ಎದ್ದ ನೋಡು! ಸತ್ತಾವ ಎದ್ದ! ಹಿಂಗಾ ಬಿಡ್ರೆಪಾ, ಹಿಂಗಾ ಬಿಡ್ರಿ!" ಎಂದು ಕೂಗುತ್ತಿದ್ದಳು. ಅವಳನ್ನು ನೋಡಿ ಇನ್ನಷ್ಟು ನಕ್ಕರು.

ನಾನು ಏಣಿ ಹತ್ತಿದೆ. ಇವರು ಆವಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ಗುಂಡಿಗಳನ್ನು ತಿರುವುತ್ತಿದ್ದರು. ಹೆಜ್ಜೆ ಕೇಳಿ ಗುರುತಿಸಿದರು. "ಬಂದ್ಯಾ? ಆವಾಜ್ ಕೆಟ್ಟದ ನೋಡು. ಮಂದಿ ಒದರ್ಲಿಕತ್ತಾರ."

"ಚಿತ್ರ ನೋಡ್ರಿ," ಎಂದೆ.

ಗೋಡೆಯ ಕಿಂಡಿಗೆ ಮುಖವಿಟ್ಟು ಪರದೆಯ ಕಡೆ ನೆಟ್ಟಗೆ ನೋಡಿದರು. "ಚಿತ್ರ ಚೊಲೋ ನಡದದಲ್ಲ," ಎಂದರು.

ಅಲ್ಲಿ ಒಂದು ಊರಿಗೆ ಊರೇ ತಲೆಕೆಳಗಾಗಿ ತೂಗುತ್ತಿತ್ತು. ಅಲ್ಲಿಯವರೆಗೆ ಅವರ ಕಣ್ಣು ಮಂಜಾಗುತ್ತಿದೆ ಎಂದುಕೊಂಡಿದ್ದೆ. ಕಣ್ಣು ಹೋಗಿದೆ ಎಂದು ಆಗ ತಿಳಿಯಿತು.

"ರೀಲ್ ಉಲ್ಟಾ ಹೋಗ್ಯಾದ. ಮಂದಿ ತಲಿಕೆಳಗ ಜೋತಾಡ್ಲಿಕತ್ತಾರ," ಎಂದೆ. ಮೆತ್ತಗೆ ಹೇಳಬಹುದಿತ್ತು ಎಂದು ನೀವು ಅನ್ನಬಹುದು. ಮೆತ್ತಗೆ ಹೇಳಿದ್ದರೆ ರೀಲು ನೆಟ್ಟಗಾಗುತ್ತಿತ್ತೇ? ಅವರ ಕೈ ಗುಂಡಿಯ ಮೇಲೆಯೇ ನಿಂತಿತು. ಮ್ಯಾಟ್ನಿ ಮುಗಿದಾಗ ಯಾರೋ ಚಹಾಕ್ಕೆ ಕರೆದರಂತೆ. ಕೊನೆಯ ರೀಲನ್ನು ಮೇಜಿನ ನಡುವೆ ಇಟ್ಟು ಇಳಿದರಂತೆ. ನಡುವೆ ಇಟ್ಟದ್ದು ಅವರಿಗೆ ಕಾಣಲಿಲ್ಲ, ಅದು ಸುತ್ತಿದ್ದೋ ಸುತ್ತದ್ದೋ ನೆನಪಾಗಲಿಲ್ಲ. ಕೈಗೆ ಸಿಕ್ಕಾಗ ಸುತ್ತಿದ್ದೇ ಇರಬೇಕು ಎಂದು ಹಚ್ಚಿದರು.

ಮೆಷೀನು ನಿಲ್ಲಿಸಿದೆವು. ಮಾಲಕರು ಏಣಿ ನಡುಗಿಸುತ್ತ ಹತ್ತಿ ಬಂದರು. "ಖಾಸೀಮಸಾಬ, ಕುಡಿದೀ ಏನು?"

"ಇಲ್ರಿ ಧಣಿ. ಹನಿ ಸುದ್ದಾ ಇಲ್ಲ."

ಮಾಲಕರು ಕೈ ಎತ್ತಿ ಹಿಡಿದರು. "ಎಷ್ಟ ಬೆರಳು?"

ಇವರು ಕಣ್ಣಿನ ಅಂಚಿನಿಂದ ನೋಡಲು ಮುಖ ಪಕ್ಕಕ್ಕೆ ತಿರುಗಿಸಿದರು.

"ಅತ್ಲಾಗ ಯಾಕ ನೋಡ್ತಿ? ಕಳ್ಳರಂಗ! ನನ್ನ ಕಡೆ ನೆಟ್ಟಗ ನೋಡಿ ಹೇಳು."

ನೆಟ್ಟಗೆ ನೋಡಿದರು. ಸುಳ್ಳು ಹೇಳಬಹುದಿತ್ತು, ಅಂದಾಜು ಹೇಳಬಹುದಿತ್ತು. "ಕಾಣವಲ್ದು," ಎಂದರು.

"ಬೆರಳ ಆಮ್ಯಾಲ ಎಣಿಸ್ರಿ ಧಣಿ," ಎಂದೆ ನಾನು. "ಕೆಳಗ ಬಾಕು ಮುರೀಲಿಕತ್ತಾರ. ಹೋಗಿ ಮಂದೀನ ಕುಂದ್ರಸ್ರಿ. ರೀಲ್ ಸುತ್ತಿ ಬಿಡ್ತೀನಿ."

"ನೀ ಬಿಡ್ತಿ?"

"ಇಷ್ಟ ದಿನ ಯಾರ ಬಿಟ್ಟಾರ ಅಂತ ತಿಳಿದೀರಿ?"

ಮಾಲಕರು ನನ್ನನ್ನೂ ಮೇಜನ್ನೂ ನೋಡಿದರು. "ಇದೊಂದು ಮುಗಿಸ್ರಿ. ನಾಳಿಂದ ಬರೋದು ಬ್ಯಾಡ. ತಾಂಡೂರಿನ ಆಪರೇಟರಿಗೆ ಮೊದಲೇ ಹೇಳಿಟ್ಟೀನಿ," ಎಂದು ಇಳಿದು ಹೋದರು. ಮೊದಲೇ! ಅವರಿಗೆ ಅನುಮಾನ ಬಂದಿತ್ತು ಎಂದಾಯಿತು. ತಾಂಡೂರಿನಿಂದ ಆಳನ್ನು ತರಿಸಲು ಬರುತ್ತಿತ್ತು, ಹೈದರಾಬಾದಿನಿಂದ ಗಾಜು ತರಿಸಲು ಮಾತ್ರ ದಾರಿಯಿರಲಿಲ್ಲ. ಆದರೆ ಇದು ನಾನು ಈಗ ಹಿಂದಕ್ಕೆ ಸುತ್ತುತ್ತ ಹೇಳುವ ಮಾತು. ಆ ಗಳಿಗೆಗೆ ನನಗೆ ಗಾಜಿನ ಸುದ್ದಿಯೇ ಗೊತ್ತಿರಲಿಲ್ಲ.

ನಾನು ಹಿಡಿಕೆ ತಿರುವತೊಡಗಿದೆ. ಕೆಳಗೆ ಜನ ಕಾಲು ಬಡಿಯುತ್ತಿದ್ದರು. ಇವರು ದೀಪದ ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದರು, ದನದ ಬೆನ್ನ ಮೇಲೆ ಇಟ್ಟ ಹಾಗೆ.

"ಇಲ್ಲೊಂದು ಗಾಜಿತ್ತು," ಎಂದರು.

"ಎಲ್ಲಿ?"

"ಈ ಕಿಂಡಿಗೆ. ಕರೇದು. ನೀ ಮ್ಯಾಲ ಬರೋದಕ್ಕ ಮೊದಲೇ ಒಡೀತು."

"ಧಣಿಗೆ ಹೇಳಿದ್ರಿಲ್ಲೊ?"

"ಹೇಳಿದ್ದೆ."

"ಎಷ್ಟ ಸಲ?"

"ಒಮ್ಮೆ."

"ನನಗ?"

ಕಿಂಡಿಯ ಅಂಚನ್ನು ಬೆರಳಿನಿಂದ ಸವರಿದರು. "ನಿನಗ ಹೇಳಿದ್ರ ನೀ ಹೋಗಿ ಜಗಳಾ ಮಾಡ್ತಿದ್ದಿ. ಇಬ್ಬರೂ ಕೆಳಗ ಇಳೀಬೇಕಾಗ್ತಿತ್ತು. ಅದಕ್ಕ ನಿನ್ನ ಮಾರಿ ಅಷ್ಟ ಆ ಕಡೆ ತಿರುವಿಸಿದೆ."

ಹಿಡಿಕೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಸುತ್ತಿದೆ. ಬೆರಳ ನಡುವೆ ಸತ್ತವನು ಎದ್ದ, ಎದ್ದವನು ಮಾತಾಡಿದ, ಮಾತಾಡಿದವನು ಮನೆಗೆ ಹೋದ. ಎಲ್ಲರೂ ಏನೂ ಆಗದಿದ್ದ ಜಾಗಕ್ಕೆ ಬಂದು ನಿಂತರು. ಆಮೇಲೆ ಮೆಷೀನಿಗೆ ಹಚ್ಚಿದೆ. ಅವರು ಕಡ್ಡಿ ಹೊತ್ತಿಸಿದರು. ಅಭ್ಯಾಸದಿಂದ ಕಿಂಡಿಯಲ್ಲಿ ಬಗ್ಗಿ ನೋಡಿದರು. ನೋಡಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೇನು ಉಳಿದಿತ್ತು ಅಲ್ಲಿ ಸುಡಲು? ಚಿತ್ರ ನೆಟ್ಟಗೆ ನಡೆಯಿತು. ಅಣ್ಣ ಬಂದ, ಚೂರಿ ತಾಗಿತು, ಬಿದ್ದ, ಸತ್ತ. ಜನ ಸರಿಯಾದ ಜಾಗದಲ್ಲಿ ಅತ್ತರು. ಹಣಮವ್ವ ಕೂತಿದ್ದ ಜಾಗ ಖಾಲಿಯಿತ್ತು.

ಅವರು ಮುಂದೆ ಬದುಕಿದಷ್ಟು ದಿನ ತಂದೆಯ ಬಿಲ್ಲು ಹಿಡಿದು ಹತ್ತಿ ಹಿಂಜಿದರು. ಅದಕ್ಕೆ ಕಣ್ಣು ಬೇಡ, ಹುರಿಯ ಸದ್ದು ಸಾಕು. ಬೆನ್ನು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಹೇಳಿದ್ದರೆ, ಕೇಳಿದ್ದರೆ, ತಂದಿದ್ದರೆ ಎಂದು ಅವರೊಂದು ಕಡೆ, ನಾನೊಂದು ಕಡೆ ಕೂತು ಸುತ್ತಿದೆವು. 'ದ್ದರೆ' ಎಂಬ ಹಿಡಿಕೆ ಹಿಡಿದವರ ತೋಳು ನೋಯುತ್ತದೆ, ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಟೀಚರಮ್ಮನಿಗೆ ನಾನು ಹೇಳಬೇಕೆಂದಿದ್ದದ್ದು ಇದೇ. ಅವರು ಅಷ್ಟರಲ್ಲಿ ಮತ್ತೆ ಗುಂಡಿ ಒತ್ತಿದ್ದರು.

ಆ ಉಲ್ಟಾ ಆಟದ ಮರುದಿನ ಬೆಳಗ್ಗೆ, ಇವರು ಮಲಗಿರುವಾಗಲೇ ಎದ್ದು, ಟಾಕೀಸಿನ ಹಿಂದಿನ ಓಣಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಬೆಂಕಿ ನೋಡುವ ಕರಿಗಾಜು ಬೇಕು ಎಂದೆ. "ಎಷ್ಟ ದೊಡ್ಡದು ಬೇಕಮ್ಮ?" ಎಂದು ಅಂಗಡಿಯವನು ಕೇಳಿದ. ಅಂಗೈ ತೋರಿಸಿದೆ. "ಅಷ್ಟಕ್ಕ ಹೊಸಾದು ಯಾಕ? ತುಂಡು ಭಾಳ ಬಿದ್ದಾವ, ಒಯ್ರಿ," ಎಂದು ಮೂಲೆಯ ಡಬ್ಬಿಯಿಂದ ಒಂದನ್ನು ಒರೆಸಿ ಸುಮ್ಮನೆ ಕೊಟ್ಟ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಏಣಿ ಹತ್ತಿದೆ. ತಾಂಡೂರಿನವನು ಬಂದು ಮೆಷೀನು ಒರೆಸುತ್ತಿದ್ದ. "ಎವರಮ್ಮಾ ಮೀರು?" ಎಂದು ತೆಲುಗಿನಲ್ಲಿ ನಾನು ಯಾರೆಂದು ಕೇಳಿದ. ನಾನು ಕಿಂಡಿಗೆ ಗಾಜು ಹಿಡಿದು ನಾಲ್ಕೂ ಕಡೆ ತಂತಿ ಬಿಗಿದೆ. ಅಲುಗಾಡಿಸಿ ನೋಡಿದೆ. ಅಲುಗಲಿಲ್ಲ. ಮೇಜಿನ ನಡುವೆ ನಿನ್ನೆಯ ಕೊನೆಯ ರೀಲು ಸುತ್ತದೆ ಬಿದ್ದಿತ್ತು. ಅವನಿಗೆ ಕಣ್ಣಿದ್ದವು. ಸುತ್ತಿಕೊಳ್ಳಲಿ ಎಂದು ಇಳಿದು ಬಂದೆ.